ಬೀಗದಕೈ

ಪೀಣ್ಯ ಎರಡನೇ ಹಂತ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಗುರುವಾರ ಏಳೂವರೆಗೆ ಶಟರ್ ಎತ್ತುವುದು ನನ್ನ ಕೆಲಸ,
ಒಬ್ಬರೂ ಬರದಿದ್ದರೂ. ಮೊದಲ ಮಳೆಗಾಲ
ಹನ್ನೊಂದು ವಾರ ಹಾಗೇ ಎತ್ತಿ ಹಾಗೇ ಇಳಿಸಿದೆ.

ಈಗ ಚಾಪೆ ಸಾಲದು.
ಸುಟ್ಟ ಮೋಟರು ತರುತ್ತಾರೆ, ಚಪಾತಿ ಡಬ್ಬಿಯಲ್ಲಿ ಕಾಯಿಲು ತರುತ್ತಾರೆ,
ಜಬೀನಾ ಮೆಣಸಿನಕಾಯಿ ಬೋಂಡಾ ತರುತ್ತಾಳೆ,
ಎಣ್ಣೆ ಕೈಯಲ್ಲಿ ತಾಮ್ರದ ತಂತಿ ಮುಟ್ಟಬೇಡಿ ಎಂದು ತಾನೇ ಬಯ್ಯುತ್ತಾಳೆ.

ಹೊಸಬರು ಬಂದ ದಿನ ನಾನೇ ಮೊದಲು ಕೇಳುತ್ತೇನೆ:
"ಸುತ್ತು ಯಾವ ದಿಕ್ಕಿಗೆ ಶುರು ಮಾಡಬೇಕು?"
ಇಪ್ಪತ್ತಾರು ವರ್ಷ ಸುತ್ತಿದ ಬೆರಳು ಇವು.
ಒಬ್ಬ ದಡ್ಡ ಕೂತಿದ್ದಾನೆ ಎಂದು ಗೊತ್ತಾದರೆ
ಎರಡನೆಯವನಿಗೆ ಬಾಯಿ ಬರುತ್ತದೆ.

ಗಂಗಹನುಮಯ್ಯನಿಗೆ ಎಲ್ಲ ಗೊತ್ತಿತ್ತು. ನಿಜವಾಗಿಯೂ.
ಆದರೆ ಪ್ರತಿ ಉತ್ತರದ ತುದಿಗೂ ಒಂದು ನಗು ಕಟ್ಟುತ್ತಿದ್ದ.
ಆ ನಗುವಿಗೆ ಮೂವರು ಹುಡುಗರು ಮೆಟ್ಟಿಲಿಳಿದು ಹೋದರು.
ಟೀ ಕುಡಿಸಿ ಹೇಳಿದೆ: ನಗು ಕೆಳಗಿಟ್ಟು ಬಾ.
ಅವನು ಬರಲಿಲ್ಲ.
ಅವನು ಬರೆದ ಸುತ್ತಿನ ಲೆಕ್ಕ ಗೋಡೆಯ ಮೇಲೇ ಇದೆ, ಸೀಮೆಸುಣ್ಣದಲ್ಲಿ;
ಒರೆಸಲು ಮನಸ್ಸಿಲ್ಲ. ವಾರ ವಾರ ಬೇಕಾಗುತ್ತದೆ.

ಮೊನ್ನೆ ಗೊರಗುಂಟೆಪಾಳ್ಯದ ಜಾಮಿನಲ್ಲಿ ಸಿಕ್ಕಿ
ಒಂಬತ್ತಕ್ಕೆ ಬಂದೆ, ಬೀಗದಕೈ ನನ್ನ ಜೇಬಿನಲ್ಲೇ.
ಮೆಟ್ಟಿಲ ಮೇಲೇ ಕೂತಿದ್ದರು, ಮೊಬೈಲ್ ಬೆಳಕಿನಲ್ಲಿ
ಮಿಕ್ಸಿಯೊಂದರ ಹೊಟ್ಟೆ ಬಿಚ್ಚಿಕೊಂಡು.
ವರ್ಷದಿಂದ ತುಟಿ ಬಿಚ್ಚದ ವೈರಮುಡಿ
ಹೊಸ ಹುಡುಗಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು
ಏನೂ ಅರಿಯದವನ ಹಾಗೆ ಕೇಳುತ್ತಿದ್ದ:
"ಸುತ್ತು ಯಾವ ದಿಕ್ಕಿಗೆ?"

ನಾನು ನಾಕು ಮೆಟ್ಟಿಲು ಕೆಳಗೇ ನಿಂತೆ.
ಬೋಂಡಾ ಮುಗಿದಿತ್ತು.