ಬಿಡುವ ಅಂಟು

ಐಲ್ಸಾ ಮೆಕ್ರೋರಿ ಅಂಗಡಿಗೆ ಬಂದಾಗ
ಮಳೆಯಿರಲಿಲ್ಲ, ಬರೀ ಗಾಳಿ.
ರಿವರ್ಟನ್ನಿನ ಗಾಳಿಗೆ ಬಾಗಿಲು ತೆರೆಯಲು ಬರುತ್ತದೆ,
ಮುಚ್ಚಲು ಬರುವುದಿಲ್ಲ.

ಕಂಕುಳಲ್ಲೊಂದು ಹಲಗೆ. ರಿಮು ಮರ,
ಮುಂದೆ ಜೇನಿನ ಬಣ್ಣ, ಹಿಂದೆ ಬೂದಿ.
ಚೀಸ್ ಕಾರ್ಖಾನೆ ಪಕ್ಕದಲ್ಲಿ ಕೆಡವಿದರಲ್ಲ,
ಆ ಕುಣಿತದ ಸಭಾಂಗಣದ ಗೋಡೆಯದು.
"ಇಂಥವು ಹತ್ತೊಂಬತ್ತಿವೆ. ಮೂವತ್ತೊಂದಿದ್ದವು."
ಹನ್ನೆರಡು ಎಲ್ಲಿ ಹೋದವೆಂದು ನಾನು ಕೇಳಲಿಲ್ಲ.
ಬೆನ್ನ ಮೇಲೆ ಕಲ್ಲಾದ ಅಂಟಿನ ಐದು ಕಪ್ಪು ಪಟ್ಟೆ,
ಒಂದೊಂದಕ್ಕೂ ಕಿತ್ತು ಬಂದ ಮರದ ಸಿಬಿರು.

ನನ್ನ ಕಪಾಟಿನ ಅಂಟುಗಳೆಲ್ಲ ಜಂಬದವು.
ಒಂದು, ಆನೆ ಜಗ್ಗಿದರೂ ಬಿಡೆನೆನ್ನುತ್ತದೆ,
ಒಂದಕ್ಕೆ ನೀರಿನಡಿಯೂ ಹಿಡಿತ,
ಇನ್ನೊಂದು ಇಪ್ಪತ್ತೇ ನಿಮಿಷಕ್ಕೆ ಬಂಡೆ.
ಸಾಲಾಗಿ ಮೇಜಿಗಿಟ್ಟೆ,
ಕುರಿಸಂತೆಯಲ್ಲಿ ಟಗರಿನ ಹಲ್ಲು ತೋರಿಸುವವನ ಹಾಗೆ.

"ಚಳಿಗಾಲಕ್ಕೆ ಮರ ಹಿಗ್ಗಿದರೆ?"
"ಹಿಗ್ಗಲಿ ಬಿಡಿ, ಇದು ರಬ್ಬರಿನಂಥದು, ಜೊತೆಗೇ ಹೋಗುತ್ತದೆ."
"ಚೌಕಟ್ಟು ಹೊಸ ಪೈನು. ಇನ್ನೂ ಹಸಿ."
"ಹಾಗಾದರೆ ತಿಂಗಳು ಕಾಯಿರಿ.
ಹಸಿ ಮರ ಯಾವ ಅಂಟಿನ ಮಾತೂ ಕೇಳದು."
"ಈ ಪಟ್ಟೆ?"
"ಕೆರೆದುಬಿಡಿ. ಹೊಸದು ಮರಕ್ಕೆ ಹತ್ತಬೇಕು, ಹಳೆಯ ಅಂಟಿಗಲ್ಲ."

ಇಷ್ಟಾದ ಮೇಲೆ,
ಹಲಗೆಯನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿ:
"ಬಿಡಿಸಬೇಕೆಂದಾಗ ಯಾವುದು ಬಿಡುತ್ತದೆ?"

ಇಪ್ಪತ್ತಾರು ವರ್ಷ ಈ ಗಲ್ಲಾದ ಹಿಂದೆ.
ಹಿಡಿಯುವುದರ ಬೆಲೆ ಬಾಯಿಪಾಠ;
ಬಿಡುವುದಕ್ಕೆ ಬೆಲೆಚೀಟಿ ಹಚ್ಚಿದ್ದಿಲ್ಲ.

"ಆ ಹನ್ನೆರಡೂ ನನ್ನ ಕೈಯಲ್ಲೇ ಸೀಳಿದವು," ಅಂದಳು.
"ಉಳಿ ಹಾಕಿದೆ, ಬೆಣೆ ಹಾಕಿದೆ, ಬೈದೆ.
ಯಾರೋ ಪುಣ್ಯಾತ್ಮ, ಗಟ್ಟಿಯಿರಲೆಂದೇ ಬಳಿದಿದ್ದಾನೆ.
ಕೆಡವುತ್ತಾರೆಂದು ಅವನಿಗೆ ಯಾರು ಹೇಳಿದ್ದರು?
ನನ್ನ ಮನೆಯನ್ನೂ ಕೆಡವುತ್ತಾರಲ್ಲ, ಒಂದು ದಿನ."
ನಾಳೆ ಗುರುವಾರ ಅಂದಷ್ಟೇ ಸಲೀಸಾಗಿ.

ಟ್ಯೂಬುಗಳನ್ನು ವಾಪಸಿಟ್ಟೆ. ಒಂದನ್ನುಳಿಸಿದೆ,
ಎಲ್ಲಕ್ಕಿಂತ ಮೆತ್ತನೆಯದು, ಯಾರೂ ಕೇಳದ್ದು.
"ಉದ್ದ ಗೆರೆ ಎಳೆಯಬೇಡಿ. ಗೇಣಿಗೊಂದು ಬೊಟ್ಟು, ಗೋಲಿಯಷ್ಟು.
ಭಾರ ಮೊಳೆ ಹೊರಲಿ,
ಅಂಟು ಸುಮ್ಮನೆ ಜೊತೆಗಿರಲಿ, ಅಂಟಿಯೂ ಅಂಟದ ಹಾಗೆ.
ಬಿಡಿಸುವವರು ಸಂದಿಯಲ್ಲಿ ಸಣ್ಣ ತಂತಿ ಹಾಯಿಸಿ
ಹಿಂದೆ ಮುಂದೆ ಎಳೆದರೆ ಸಾಕು."

"ಚೀಸ್ ಕೊಯ್ಯುವ ತಂತಿ?"
ಮೊದಲ ಸಲ ನಕ್ಕಳು.
"ಆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕೊಯ್ದವಳು ನಾನು.
ತಂತಿ ಇನ್ನೂ ನನ್ನ ಹತ್ತಿರವೇ ಇದೆ.
ಕೊನೆಯ ಹಲಗೆಯ ಹಿಂದೆ ತೂಗುಹಾಕುತ್ತೇನೆ,
ಬಿಚ್ಚುವವರಿಗೆ ಸಿಗಲಿ."

ಸಿಗಬೇಕಾದರೆ ಮೊದಲು
ಆ ಹಲಗೆಯನ್ನೇ ಬಿಚ್ಚಬೇಕಲ್ಲ, ಅನ್ನುವಷ್ಟರಲ್ಲಿ
ಅವಳಾಗಲೇ ಗಾಳಿಯೊಳಗಿದ್ದಳು.

ಬಾಗಿಲು ನಾನೇ ಮುಚ್ಚಿದೆ.