ಒಂಬತ್ತನೇ ಕೊಳವೆ

ಮೊದಲು ಹೇಳಿದ್ದು ಚಹಾ.
ಶೇಷ್ಯಾನಾಯ್ಕನ ಪೆಟ್ಟಿಗೆ ಅಂಗಡಿಯಲ್ಲಿ
ಹಾಲು ಹಾಕಿದರೂ ಬೂದಿ ಬಣ್ಣ,
ಹಾಲಿಲ್ಲದಿದ್ದರೆ ಶಾಯಿ.
‘ಪುಡಿ ಬದಲಾಯಿಸೋ ಮಾರಾಯ’ ಅಂದರು ಗಿರಾಕಿಗಳು.
ಮೂರು ಕಂಪನಿಯ ಪುಡಿ ಬದಲಾಯಿಸಿದ ಮೇಲೆ
ಅವನು ನೀರನ್ನು ಅನುಮಾನಿಸಿದ.

ನಾವು ಬಂದದ್ದು ಅದಾಗಿ ಆರು ವರ್ಷಕ್ಕೆ.
ಐಸಿನ ಪೆಟ್ಟಿಗೆ, ಹಗ್ಗ, ಬಾಟಲಿ, ರಿಜಿಸ್ಟರು,
ತಿರುಚೆಂಗೋಡಿನ ಲಾರಿ, ಅದರ ಬೆನ್ನ ಮೇಲೆ
ಮಲಗಿದ್ದ ಕೊರೆಯುವ ಕಂಬ.
ಶಿವಮೊಗ್ಗದಿಂದ ಹನ್ನೊಂದು ಕಿಲೋಮೀಟರು, ಹುಣಸೇಕೊಪ್ಪ.
ದಿಬ್ಬದ ಮೇಲೀಗ ಹುಲ್ಲು, ಹುಡುಗರ ಕ್ರಿಕೆಟ್ಟು.
ಇಲ್ಲೊಂದು ಊರಿನ ಕಸವೆಲ್ಲ ಇದೆ ಅನ್ನುವುದಕ್ಕೆ
ಬೇರಿಗೆ ಸಿಕ್ಕಿಕೊಂಡ ಹಾಲಿನ ಪ್ಯಾಕೆಟ್ಟಿನ ಮೂಲೆಯೊಂದೇ ಸಾಕ್ಷಿ.

ನಕಾಶೆ ಇರಲಿಲ್ಲ.
ಕಡತವನ್ನು ಗೆದ್ದಲು ಓದಿ ಮುಗಿಸಿತ್ತು.
ಯಾರೋ ಅಂದರು: ಜುಲೇಖಾಬಿಯನ್ನು ಕೇಳಿ.

ಹತ್ತೊಂಬತ್ತು ವರ್ಷ ಇಲ್ಲೇ ಚಿಂದಿ ಆಯ್ದವಳು.
ಬಂದಳು. ಚಪ್ಪಲಿ ಬಿಟ್ಟು ದಿಬ್ಬ ಹತ್ತಿದಳು,
ಯಾಕೆ ಬಿಟ್ಟಳೆಂದು ನಾನು ಕೇಳಲಿಲ್ಲ.
‘ಇಲ್ಲಿ ಕಟಿಂಗ್ ಶಾಪಿನ ಕೂದಲು.
ಆ ಕಲ್ಲಿನ ಹತ್ರ ಆಸ್ಪತ್ರೆದು, ರಾತ್ರಿ ತರ್ತಿದ್ರು.
ಇದರ ಕೆಳಗೆ ಗ್ಯಾರೇಜಿನ ಎಣ್ಣೆ, ಪೇಂಟಿನ ಡಬ್ಬ.
ಇಲ್ಲಿ ಸೆಲ್ಲು. ಟಾರ್ಚಿನವು, ರೇಡಿಯೋದವು, ಗೋಣಿಗಟ್ಟಲೆ.
ಸೆಲ್ಲಿಗೆ ಯಾರೂ ಕಾಸು ಕೊಡ್ತಿರಲಿಲ್ಲ ಮೇಡಂ.’
ಅವಳ ಕಾಲಿನ ಹೆಬ್ಬೆರಳು ನಿಂತಲ್ಲಿ ಸುಣ್ಣದ ಗುರುತು ಹಾಕಿದೆ.
ಅಲ್ಲಿಂದ ಇಳಿಜಾರಿಗೆ ಹದಿನೈದು ಹೆಜ್ಜೆ ಅಳೆದು
ಒಂಬತ್ತನೇ ಕೊಳವೆ.

ಸೆಲ್ವರಾಸು ಕೊರೆದ.
ಒಂದು ಮೊಳ ಕಪ್ಪು, ಆಮೇಲೆಲ್ಲ ಜಂಬಿಟ್ಟಿಗೆ,
ಜೇನುಗೂಡಿನ ಹಾಗೆ ತೂತುಬಿದ್ದ ನಮ್ಮ ಕೆಂಪು ಕಲ್ಲು,
ಯಾರಿಗೂ ಇಲ್ಲವೆನ್ನಲು ಬಾರದ ಕಲ್ಲು.
ಮೂವತ್ತೆರಡು ಅಡಿಗೆ ನೀರು.
ಹಗ್ಗ ಎಳೆದಾಗ ಬಾಟಲಿಯಲ್ಲಿ ತಿಳಿಯಾಗಿತ್ತು,
ಕುಡಿಯಬಹುದು ಅನಿಸುವಷ್ಟು.
ಗಡಿಯಾರ ನೋಡುತ್ತ ಕೂತೆವು.
ಹತ್ತು ನಿಮಿಷಕ್ಕೆ ಹಳದಿ.
ಅರ್ಧ ಗಂಟೆಗೆ ತುಕ್ಕು.

ಲ್ಯಾಬಿನ ಹುಡುಗರಿಗೆ ನಾನು ಹೀಗೆ ಹೇಳಿಕೊಡುತ್ತೇನೆ:
ಕೊಳೆಯುವ ಕಸ ನೀರಿನ ಉಸಿರನ್ನೆಲ್ಲ ತಿಂದುಹಾಕುತ್ತದೆ.
ಉಸಿರುಗಟ್ಟಿದ ನೀರು ಕಲ್ಲಿನ ಮುಂದೆ ಕೈಯೊಡ್ಡುತ್ತದೆ.
ಲಕ್ಷ ಮಳೆಗೂ ಬಿಡದೆ ಹಿಡಿದಿದ್ದ ಕಬ್ಬಿಣವನ್ನು
ಕಲ್ಲು ಬಿಟ್ಟುಕೊಡುತ್ತದೆ.
ಶೇಷ್ಯಾನಾಯ್ಕನ ಪಾತ್ರೆಯಲ್ಲಿ ಕಪ್ಪಾಗಿ ಕುದಿದದ್ದು
ಕಸವಲ್ಲ, ಗುಡ್ಡ.
ಕಸ ಅದರ ಹಿಂದೆ ಮೆಲ್ಲಗೆ ಬರುತ್ತಿತ್ತು,
ಬಣ್ಣವಿಲ್ಲದೆ, ರುಚಿಯಿಲ್ಲದೆ:
ಸೀಸ, ನಿಕ್ಕಲ್, ಕ್ಯಾಡ್ಮಿಯಂ.

ಈಗ ದಿಬ್ಬಕ್ಕೆ ಜೇಡಿಮಣ್ಣು, ಕಪ್ಪು ಹಾಳೆಯ ಹೊದಿಕೆ.
ಇಳಿಜಾರಿನಲ್ಲಿ ನಾಲ್ಕು ಪಂಪು.
ಹಗಲು ರಾತ್ರಿ ನೀರೆತ್ತಿ, ಮೆಟ್ಟಿಲ ಮೇಲಿಂದ ಬೀಳಿಸಿ
ಉಸಿರಾಡಿಸುತ್ತೇವೆ.
ತಳದಲ್ಲಿ ಕಬ್ಬಿಣ ಕೂರುತ್ತದೆ, ಕುಂಕುಮ ಕಲಸಿದಂಥ ಕೆಸರು.
ಆ ಕೆಸರನ್ನು ಎಲ್ಲಿ ಸುರಿಯುವುದೆಂದು
ಇನ್ನೂ ಮೀಟಿಂಗು ನಡೆಯುತ್ತಿದೆ.

ಬೇಸಿಗೆಯಲ್ಲಿ ಅಂಕಿ ಇಳಿಯಿತು.
ಪಂಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.
ಪುನರ್ವಸು ಮಳೆಗೆ ನೆಲದೊಳಗಿನ ನೀರು ಮೇಲೆದ್ದು
ಹಳೆಯ ಕಸದ ಪಾದ ಮುಟ್ಟಿತು.
ಅಂಕಿ ಮತ್ತೆ ಏರಿತು. ಫೋಟೋದವರು ಬರಲಿಲ್ಲ.

‘ಇನ್ನೆಷ್ಟು ವರ್ಷ?’ ಶೇಷ್ಯಾನಾಯ್ಕ ಕೇಳಿದ.
ಪೇಟೆಯಿಂದ ಕ್ಯಾನಿನಲ್ಲಿ ತಂದ ನೀರಿನ ಚಹಾ ಕೊಡುತ್ತ.
ಸುರಿದಷ್ಟೇ ವರ್ಷ, ಅಂದೆ.
ಸುಳ್ಳು. ಅದಕ್ಕಿಂತ ಹೆಚ್ಚು.

ತಿಂಗಳ ಮೊದಲ ಮಂಗಳವಾರ ಜುಲೇಖಾಬಿ ಬರುತ್ತಾಳೆ,
ಹಗ್ಗ ತಾನೇ ಹಿಡಿಯುತ್ತೇನೆ ಅನ್ನುತ್ತಾಳೆ.
ಇವತ್ತು ಬಾಟಲಿ ಮೇಲೆ ಬರುವಾಗ,
ನನಗಲ್ಲ, ಕೊಳವೆಗೆ ಹೇಳಿದಂತೆ ಹೇಳಿದಳು:
‘ನಾನು ಬಿಟ್ಟದ್ದೇ ಅಲ್ವಾ ಎಲ್ಲ ಕೆಳಗಿಳಿದದ್ದು.
ಕೇಜಿಗೆ ನಾಕಾಣೆ ಕೊಟ್ಟಿದ್ರೂ
ಒಂದು ಸೆಲ್ಲೂ ಬಿಡ್ತಿರಲಿಲ್ಲ.’

ರಿಜಿಸ್ಟರಿನಲ್ಲಿ ಆಳ, ಉಷ್ಣತೆ, ಬಣ್ಣ, ವಾಸನೆ,
ಕೊನೆಗೆ ಕಿರಿದಾದ ಒಂದು ಷರಾ.
ಅದರಲ್ಲಿ ‘ನಾಕಾಣೆ’ ಎಂದು ಬರೆದೆ.
ಮೇಲಿನವರು ಕೆಂಪು ಸುತ್ತು ಹಾಕಿ
ಇದೇನೆಂದು ಕೇಳುತ್ತಾರೆ, ಗೊತ್ತು.
ಕೇಳಲಿ.
ಹಗ್ಗ ಸುತ್ತಬೇಕು, ಇನ್ನೂ ಐದು ಕೊಳವೆ ಉಳಿದಿದೆ,
ಐಸು ಕರಗುತ್ತಿದೆ.