ಬಿಡಿ ಗುಂಡಿ

ಧಾರಾವಿಯ ತೊಂಬತ್ತಡಿ ರಸ್ತೆಯ ಹಿಂದೆ
ಚಿಂದಿ ಗೋದಾಮಿನ ಮಗ್ಗುಲಿಗೆ
ಕಪಾಟಿನಷ್ಟೇ ಅಗಲದ ಅಂಗಡಿ.
ಇಂಡಿ ಕಡೆಯ ಶಾವಂತ್ರವ್ವ
ಹರಿದ ಅಂಗಿಗಳಿಂದ ಕತ್ತರಿಸಿದ ಗುಂಡಿಗಳನ್ನು
ಕಿಲೋಗೆ ನಲವತ್ತರಂತೆ ತೂಗಿ ಕೊಡುತ್ತಿದ್ದಳು,
ಹನ್ನೊಂದು ವರ್ಷ.

ಒಂದು ಸಂಜೆ ಸೂಟಿನವನೊಬ್ಬ ಏದುಸಿರಲ್ಲಿ ಬಂದು
ತೋಳು ಚಾಚಿದ.
ನಾಲ್ಕಿರಬೇಕಾದಲ್ಲಿ ಮೂರು.
ಸಯನ್‌ನಲ್ಲಿ ಮದುವೆ, ಏಳು ಗಂಟೆಗೆ, ಮದುಮಗ ತಾನೇ.
ರಾಶಿಯೊಳಗೆ ಮೊಣಕೈತನಕ ಇಳಿದು
ಅವಳು ಹೆಕ್ಕಿ ತೆಗೆದ ಒಂದೇ ಒಂದಕ್ಕೆ
ಅವನು ಇಟ್ಟುಹೋದದ್ದು ಐವತ್ತು.

ಆ ರಾತ್ರಿ ಅವಳು ಉಣ್ಣಲಿಲ್ಲ.
ಕಿಲೋಗೆ ನಲವತ್ತು, ಒಂದಕ್ಕೆ ಐವತ್ತು.
ಹಲ್ಲಿನ ಸಂದಿಗೆ ಸಿಕ್ಕ ಅಡಿಕೆಚೂರಿನಂತೆ
ಲೆಕ್ಕ, ನಾಲಿಗೆಗೆ ನಿದ್ದೆಯಿಲ್ಲ.

ಈಗ ಮರಾಠಿಯಲ್ಲೊಂದು ಹಲಗೆ:
ಕಳೆದದ್ದರ ಜೋಡಿ ಸಿಗುತ್ತದೆ.
ಬಣ್ಣಕ್ಕೊಂದು, ಎರಡು ತೂತಿಗೊಂದು, ನಾಲ್ಕು ತೂತಿಗೊಂದು,
ಔಷಧದ ಖಾಲಿ ಡಬ್ಬಿಗಳು ಮುನ್ನೂರ ಹನ್ನೆರಡು.
ನಡುವೆ ಜಿಪ್ಪಿಗೆಂದು ಸುರಿದ ಎಂಟು ಸಾವಿರ
ಗುಂಡಿಗೆ ಬಿತ್ತು.
ಹಾಗೆಂದು ಅವಳೇ ಹೇಳಿ ಅವಳೇ ನಕ್ಕಳು.
ತುಕ್ಕು ಹಿಡಿದ ಚೀಲ ಅಟ್ಟದಲ್ಲಿದೆ ಇನ್ನೂ.

ತಿಂಗಳಿಗೊಮ್ಮೆ ಲೆಕ್ಕ ಬರೆಯಹೋಗುವ ನಾನು
ಉಮೇದಿನಲ್ಲಿ ಕೇಳಿದೆ:
ಬಾಂದ್ರಾದಲ್ಲೊಂದು ಶಾಖೆ ತೆರೆದರೆ? ಸಾಲ ನಾನು ಕೊಡಿಸುತ್ತೇನೆ.

ಡಬ್ಬಿಯ ಮುಚ್ಚಳ ತಿರುವುತ್ತಲೇ ಅಂದಳು:
‘ಅಲ್ಲಿ ಒಂದ್ ಗುಂಡಿ ಹೋದ್ರ
ಹೊಸಾ ಅಂಗಿ ತೊಗೊಂತಾರ್ರೀ.
ಸ್ಟೇಷನ್ ಹಾದ್ಯಾಗಿನ ಮಂದಿ
ಒಂದ ಅಂಗೀಲೆ ಆರು ವರ್ಷ ಓಡತಾರ.’

ಆಮೇಲೆ ನನ್ನ ಎದೆಯ ಕಡೆ ನೋಡಿದಳು.
ಮೇಲಿನಿಂದ ಎರಡನೆಯದು,
ಒಂದೇ ದಾರದ ಮೇಲೆ ತೂಗುತ್ತಿತ್ತು.
ಹೊಲಿಯಲೇ ಎಂದು ಕೇಳಲಿಲ್ಲ.
ಅಂಥದೇ ಒಂದನ್ನು ಹುಡುಕಿ
ಬೇರೆ ಎತ್ತಿಟ್ಟಳು.